ಬೀಜಿಂಗ್‌ನಿಂದ ಶಾಂಘೈಗೆ ಹೈಸ್ಪೀಡ್ ರೈಲು: ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್ ಹಿಡಿದು

ಚೀನಾದ ಹೈಸ್ಪೀಡ್ ರೈಲಿನ ವಿಡಿಯೋಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ವೇಗದ್ದೇ ಮಾತು. ಆದರೆ ಭಾರತೀಯ ಪಾಸ್‌ಪೋರ್ಟ್ ಹಿಡಿದು, ಅದರಲ್ಲೂ ನಮ್ಮ ಕಡೆಯವರ ಥರದ ಹೆಸರು ಇಟ್ಟುಕೊಂಡು, ಆ ರೈಲಿನ ಸೀಟಿನವರೆಗೆ ತಲುಪುವುದು ಹೇಗೆ ಅಂತ ಹೇಳುವವರು ಕಡಿಮೆ. ಅಪ್ಪ ಅಮ್ಮನನ್ನು ಕರೆದುಕೊಂಡು ಬೀಜಿಂಗ್‌ನಿಂದ ಶಾಂಘೈಗೆ ರೈಲಿನಲ್ಲಿ ಹೋಗಿ, ಈಗಷ್ಟೇ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ಹೋಗುವವರಿಗೆ ನಮಗಾದಷ್ಟು ಗೊಂದಲ ಆಗಬಾರದು.

ಈ ಪ್ರವಾಸ ಅಪ್ಪನಿಗಾಗಿ ಮಾಡಿದ್ದು. ಅವರು ರೈಲ್ವೆಯಲ್ಲಿದ್ದವರು. ಹುಬ್ಬಳ್ಳಿ ವಿಭಾಗದ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಸಿಂಗಲ್ ಲೈನ್ ಕಾಲದಲ್ಲಿ, ಮುಂದಿನ ನಿಲ್ದಾಣದವರೆಗೆ ಲೈನ್ ಖಾಲಿ ಇದೆ ಅನ್ನುವ ಗುರುತಾಗಿ ಟೋಕನ್ ಯಂತ್ರದಿಂದ ಉಕ್ಕಿನ ಗುಂಡು ತೆಗೆದು, ಅದನ್ನು ಡ್ರೈವರ್ ಕೈಗೆ ಮುಟ್ಟಿಸಿ ಗಾಡಿ ಬಿಟ್ಟವರು. ಗಂಟೆಗೆ 350 ಕಿಲೋಮೀಟರ್ ಓಡುವ ಗಾಡಿಯನ್ನು ಒಮ್ಮೆ ಹತ್ತಬೇಕು ಅನ್ನುವ ಆಸೆ ಅವರಿಗೆ ನಿವೃತ್ತಿ ಆದಾಗಿನಿಂದ ಇತ್ತು. ಬೀಜಿಂಗ್–ಶಾಂಘೈ ಮಾರ್ಗದ ಉದ್ದ 1,318 ಕಿಲೋಮೀಟರ್. 2011ರ ಜೂನ್ 30ರಂದು ಶುರುವಾದದ್ದು. ವೇಗದ ಗಾಡಿಗಳು ಈ ದೂರವನ್ನು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಗಿಸುತ್ತವೆ. ನಮ್ಮಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ ದೂರದ ಬೆಂಗಳೂರು–ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹತ್ತಿರ ಹತ್ತಿರ ಒಂದು ಹಗಲು, ಒಂದು ರಾತ್ರಿ ಬೇಕು.

ವೀಸಾ ವಿಷಯವನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಒಂದೇ ಒಂದು ಎಚ್ಚರಿಕೆ. ಬೇರೆ ದೇಶದವರ ವಿಡಿಯೋಗಳಲ್ಲಿ 240 ಗಂಟೆಯ ವೀಸಾ ಇಲ್ಲದ ಟ್ರಾನ್ಸಿಟ್ ಸೌಲಭ್ಯದ ಬಗ್ಗೆ ಹೇಳುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಮಗೆ ಮೊದಲೇ ವೀಸಾ ಆಗಿರಲೇಬೇಕು.

ಈಗ ಟಿಕೆಟ್ ವಿಷಯ. ಚೀನಾದಲ್ಲಿ ರೈಲು ಟಿಕೆಟ್ ಅಂದರೆ ಕಾಗದ ಅಲ್ಲ. ಟಿಕೆಟ್ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಣೆಯಾಗುತ್ತದೆ. ಗೇಟಿನಲ್ಲಿ ಪಾಸ್‌ಪೋರ್ಟ್ ಇಟ್ಟರೆ ಟಿಕೆಟ್ ಇದೆಯೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ. ಪಿಎನ್‌ಆರ್ ತೋರಿಸುವುದು, ಎಸ್‌ಎಂಎಸ್ ತೋರಿಸುವುದು, ಟಿಟಿಇ ಹತ್ತಿರ ಮಾತಾಡಿ ಸರಿ ಮಾಡಿಕೊಳ್ಳುವುದು ಯಾವುದೂ ಇಲ್ಲ. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಸಂಖ್ಯೆ ಎರಡೂ ಟಿಕೆಟ್‌ನಲ್ಲಿ ಅಕ್ಷರಶಃ ಹಾಗೆಯೇ ಇರಬೇಕು.

ನಮಗೆ ತೊಂದರೆ ಶುರುವಾಗಿದ್ದೇ ಇಲ್ಲಿ. ನಮ್ಮ ಮನೆಯ ಪಾಸ್‌ಪೋರ್ಟ್‌ಗಳನ್ನು ನೋಡಿ. ಅಪ್ಪನದರಲ್ಲಿ ಸರ್‌ನೇಮ್ ಜಾಗ ಖಾಲಿ. ಊರಿನ ಹೆಸರು, ಅಜ್ಜನ ಹೆಸರು, ತಮ್ಮ ಹೆಸರು ಮೂರೂ ಸೇರಿ ಗಿವನ್ ನೇಮ್ ಜಾಗದಲ್ಲೇ ಇವೆ. ಅಮ್ಮನದರಲ್ಲಿ ಅಪ್ಪನ ಹೆಸರೇ ಸರ್‌ನೇಮ್. ನನ್ನದರಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು ಸರ್‌ನೇಮ್ ಆಗಿದೆ. ಒಂದೇ ಮನೆಯ ಮೂರು ಜನಕ್ಕೆ ಮೂರು ಥರ. ಕರ್ನಾಟಕದ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ? ಊರಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಹೊರದೇಶದ ಕಂಪ್ಯೂಟರ್‌ಗೆ ಸರ್‌ನೇಮ್ ಇಲ್ಲದ ಮನುಷ್ಯ ಅಂದರೆ ಅರ್ಥವೇ ಆಗುವುದಿಲ್ಲ.

ಮೊದಲು ನಾನು ವಿದೇಶಿಯರಿಗೆ ಟಿಕೆಟ್ ಮಾರುವ ಒಂದು ಖಾಸಗಿ ಬುಕಿಂಗ್ ಆ್ಯಪ್ ಬಳಸಿದೆ. ಅದರಲ್ಲಿ ಮುಂಗಡವಾಗಿ ಬೇಡಿಕೆ ಹಾಕಿಡಬಹುದಿತ್ತು. ಟಿಕೆಟ್ ಮಾರಾಟ ಶುರುವಾದ ಕೂಡಲೇ ಅವರೇ ತೆಗೆದುಕೊಡುತ್ತಾರೆ, ಅದಕ್ಕೆ ಸೇವಾ ಶುಲ್ಕ ಬೇರೆ. ಅಪ್ಪನ ವಿವರ ತುಂಬುವಾಗ ಸರ್‌ನೇಮ್ ಖಾಲಿ ಬಿಡಲು ಆ್ಯಪ್ ಒಪ್ಪಲಿಲ್ಲ. ಸಹಾಯವಾಣಿಗೆ ಚಾಟ್ ಮಾಡಿದೆ. ಸರ್‌ನೇಮ್ ಇಲ್ಲದವರು ಹೆಸರನ್ನೇ ಎರಡೂ ಕಡೆ ತುಂಬಿ ಅಂದರು. ಹಾಗೆಯೇ ಮಾಡಿದೆ. ಟಿಕೆಟ್ ಬಂತು. ಅದರಲ್ಲಿ ಅಪ್ಪನ ಹೆಸರು ಎರಡೆರಡು ಸಲ! ಉದ್ದ ಹೆಸರು ಬೇರೆ, ಕೊನೆಯಲ್ಲಿ ಕೆಲವು ಅಕ್ಷರ ಕತ್ತರಿಸಿಯೂ ಹೋಗಿದ್ದವು.

ಮತ್ತೆ ಚಾಟ್. ಒಬ್ಬರು ಏನೂ ತೊಂದರೆ ಆಗಲ್ಲ ಅಂದರು. ಇನ್ನೊಬ್ಬರು ಹೆಸರು ಬದಲಿಸಲು ಬರುವುದಿಲ್ಲ, ರದ್ದು ಮಾಡಿ ಅಂದರು. ಆ ಸಂಜೆಯೆಲ್ಲ ನನಗೆ ಸಮಾಧಾನವಿಲ್ಲ. ಅಪ್ಪ ಮಾತ್ರ ಸ್ಪಷ್ಟವಾಗಿ ಹೇಳಿದರು: "ದಾಖಲೆಯಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಹೆಸರು ಅಂದರೆ ನಾನು ಆ ಗಾಡಿ ಹತ್ತಲ್ಲ." ಇಡೀ ಜೀವಮಾನ ನಿಯಮ ನೋಡಿ ಗಾಡಿ ಬಿಟ್ಟವರು. ಅವರ ಮಾತೇ ಸರಿ ಅನ್ನಿಸಿತು. ಮೂರೂ ಟಿಕೆಟ್ ರದ್ದು ಮಾಡಿದೆ.

ರದ್ದತಿಯ ನಿಯಮ ತಿಳಿದಿರಲಿ. ಗಾಡಿ ಹೊರಡಲು 8 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರೈಲ್ವೆ ಏನೂ ಮುರಿದುಕೊಳ್ಳುವುದಿಲ್ಲ. 8 ದಿನದೊಳಗೆ, ಆದರೆ 48 ಗಂಟೆಗಿಂತ ಮೊದಲು ಆದರೆ 5%. 24ರಿಂದ 48 ಗಂಟೆ ಒಳಗೆ 10%. 24 ಗಂಟೆಗಿಂತ ಕಡಿಮೆ ಇದ್ದರೆ 20%. ನಮಗೆ ಸಾಕಷ್ಟು ದಿನ ಉಳಿದಿದ್ದರಿಂದ ಟಿಕೆಟ್ ಹಣ ಪೂರ್ತಿ ಬಂತು. ಖಾಸಗಿ ಆ್ಯಪ್‌ನ ಸೇವಾ ಶುಲ್ಕ ಮಾತ್ರ ವಾಪಸ್ ಬರಲಿಲ್ಲ.

ಎರಡನೇ ದಾರಿ ರೈಲ್ವೆಯದ್ದೇ ಅಧಿಕೃತ ಜಾಲತಾಣ ಮತ್ತು ಆ್ಯಪ್. ಅದರ ಹೆಸರು 12306. ಇಂಗ್ಲಿಷ್ ಆವೃತ್ತಿ ಇದೆ, ಸೇವಾ ಶುಲ್ಕ ಇಲ್ಲ. ನೋಂದಣಿ ಮಾಡಿ, ಪಾಸ್‌ಪೋರ್ಟ್‌ನ ಫೋಟೋ ಪುಟವನ್ನು ಅಪ್‌ಲೋಡ್ ಮಾಡಬೇಕು. ಪರಿಶೀಲನೆ ಮುಗಿದ ಮೇಲೆಯೇ ಟಿಕೆಟ್ ತೆಗೆಯಲು ಆಗುವುದು. ಇದು ತಕ್ಷಣ ಆಗುವ ಕೆಲಸ ಅಂದುಕೊಳ್ಳಬೇಡಿ. ಟಿಕೆಟ್ ಮಾರಾಟ ಶುರುವಾಗುವ ದಿನ ಕೂತು ನೋಂದಣಿ ಮಾಡಿದರೆ ಪ್ರಯೋಜನವಿಲ್ಲ. ವೀಸಾ ಕೈಗೆ ಬಂದ ದಿನವೇ ಇದನ್ನು ಮುಗಿಸಿಬಿಡಿ. ಫೋಟೋದಲ್ಲಿ ಬೆಳಕು ಹೊಳೆಯಬಾರದು, ನಾಲ್ಕೂ ಮೂಲೆ ಕಾಣಬೇಕು, ಕೆಳಗಿನ ಎರಡು ಸಾಲು ಕೋಡ್ ಸ್ಪಷ್ಟವಾಗಿ ಓದುವಂತಿರಬೇಕು. ಸಂಖ್ಯೆ ಟೈಪ್ ಮಾಡುವಾಗ ನೆನಪಿಡಿ: ನಮ್ಮ ಪಾಸ್‌ಪೋರ್ಟ್‌ನಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ.

ಮಾರಾಟ ಶುರುವಾಗುವುದು ಪ್ರಯಾಣದ ದಿನವೂ ಸೇರಿ 15 ದಿನ ಮುಂಚೆ. ಎಲ್ಲ ನಿಲ್ದಾಣಗಳಿಗೂ ಒಂದೇ ಹೊತ್ತಲ್ಲ. ಯಾವ ನಿಲ್ದಾಣದಿಂದ ಹೊರಡುತ್ತೀರೋ ಅದರ ಮಾರಾಟದ ಸಮಯ ಆ್ಯಪ್‌ನಲ್ಲೇ ನೋಡಿಕೊಳ್ಳಬೇಕು. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅವರ ಬೆಳಗಿನ 8 ಗಂಟೆ ಅಂದರೆ ನಮಗೆ ಐದೂವರೆ. ರಾತ್ರಿ ಕೆಲವು ಗಂಟೆ ಟಿಕೆಟ್ ಮಾರಾಟ ಪೂರ್ತಿ ನಿಂತಿರುತ್ತದೆ. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ, ಚೀನೀ ಹೊಸ ವರ್ಷ, ಮೇ ಮೊದಲ ವಾರ ಇವುಗಳ ಹತ್ತಿರ ಪ್ರವಾಸ ಇಟ್ಟುಕೊಳ್ಳಲೇಬೇಡಿ. ನಾವು ನವೆಂಬರ್ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಚಳಿ ಇತ್ತು, ಆದರೆ ಟಿಕೆಟ್‌ಗೆ ಜಗ್ಗಾಟ ಇರಲಿಲ್ಲ.

ನನ್ನ ಮತ್ತು ಅಮ್ಮನ ಟಿಕೆಟ್ 12306ರಲ್ಲಿ ತೆಗೆದೆ. ಅಪ್ಪನ ಹೆಸರನ್ನು ಮತ್ತೊಮ್ಮೆ ಯಾವ ಪೆಟ್ಟಿಗೆಗೂ ತುಂಬಲು ಮನಸ್ಸಾಗಲಿಲ್ಲ. ಪಾಸ್‌ಪೋರ್ಟ್ ಪರಿಶೀಲನೆಯನ್ನೂ ಟಿಕೆಟ್ ಖರೀದಿಯನ್ನೂ ನಿಲ್ದಾಣದ ಕೌಂಟರ್‌ನಲ್ಲಿ ಮಾಡಿಸಬಹುದು. ಬೀಜಿಂಗ್‌ಗೆ ಇಳಿದ ಮೇಲೆ ಅಪ್ಪನನ್ನೇ ಕರೆದುಕೊಂಡು ಹೋಗಿ ತೆಗೆಸೋಣ ಅಂತ ಮೂವರೂ ತೀರ್ಮಾನಿಸಿದೆವು. ಈ ಮಾರ್ಗದಲ್ಲಿ ಗಾಡಿಗಳು ಬೇಕಾದಷ್ಟಿವೆ ಅನ್ನುವ ಧೈರ್ಯ ಇತ್ತು. ಆದರೂ ಆ ಕೆಲವು ದಿನ ಒಳಗೊಳಗೇ ಒಂದು ಆತಂಕ ಇದ್ದೇ ಇತ್ತು. ಯಾರಿಗಾಗಿ ಇಷ್ಟು ದೂರ ಹೋಗುತ್ತಿದ್ದೇವೋ ಅವರ ಟಿಕೆಟ್ ಒಂದೇ ಆಗಿರಲಿಲ್ಲ.

ದುಡ್ಡು ಕಟ್ಟುವ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಮ್ಮ ಫೋನ್‌ಪೇ, ಗೂಗಲ್ ಪೇ ನಡೆಯುವುದಿಲ್ಲ. ಅಲ್ಲಿನ ಪಾವತಿ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್ ಪೇ ಇರಲೇಬೇಕು. ನಮ್ಮ ಬ್ಯಾಂಕ್ ಕೊಟ್ಟ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡನ್ನು ಇವುಗಳಿಗೆ ಜೋಡಿಸಬಹುದು. ಇದನ್ನು ಊರಲ್ಲೇ ಕೂತು ಮುಗಿಸಿ. ಒಟಿಪಿ ಬರುವುದು ನಮ್ಮ ಸಿಮ್‌ಗೆ, ಅಲ್ಲಿ ಹೋದ ಮೇಲೆ ಅದು ಬರುತ್ತದೆ ಅಂತ ಖಾತ್ರಿ ಇಲ್ಲ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿರಬೇಕು. ಆನ್ ಮಾಡಿದ್ದರೂ ನನ್ನ ಬ್ಯಾಂಕ್ ಮೊದಲ ಪಾವತಿಯನ್ನು ಅನುಮಾನದಿಂದ ತಡೆಹಿಡಿಯಿತು. ಆರ್ಡರ್ ಆದ ಮೇಲೆ ದುಡ್ಡು ಕಟ್ಟಲು ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಬ್ಯಾಂಕಿಗೆ ಫೋನ್ ಮಾಡಿ ಬಿಡಿಸಿಕೊಳ್ಳಲು ಆಗಲಿಲ್ಲ. ಆ ಸೀಟು ಹೋಯಿತು, ಇನ್ನೊಂದು ಸಿಕ್ಕಿತು. ಬ್ಯಾಂಕಿಗೆ ಮೊದಲೇ ಹೇಳಿಡಿ. ಎರಡು ಬೇರೆ ಬ್ಯಾಂಕ್‌ಗಳ ಕಾರ್ಡ್ ಜೋಡಿಸಿಡಿ. ಅಲಿಪೇಯಲ್ಲಿ ವಿದೇಶಿ ಕಾರ್ಡ್‌ನಿಂದ ಒಂದು ಪಾವತಿ 200 ಯುವಾನ್ ದಾಟಿದರೆ 3% ಶುಲ್ಕ ಬೀಳುತ್ತದೆ. ಅದರ ಮೇಲೆ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ.

ಟಿಕೆಟ್ ದರ ಗಾಡಿಯ ವೇಗ, ಹೊರಡುವ ಹೊತ್ತು ನೋಡಿಕೊಂಡು ಬದಲಾಗುತ್ತದೆ. ವೇಗದ ಗಾಡಿಗಳ ಸೆಕೆಂಡ್ ಕ್ಲಾಸ್‌ಗೆ ನಾವು ನೋಡಿದ್ದೆಲ್ಲ 600ರಿಂದ 700 ಯುವಾನ್ ನಡುವೆ ಇತ್ತು. ಒಂದು ಯುವಾನ್‌ಗೆ 12 ರೂಪಾಯಿ ಲೆಕ್ಕ ಹಿಡಿದರೆ ಒಬ್ಬರಿಗೆ ಎಂಟು ಸಾವಿರದ ಆಸುಪಾಸು. ಫಸ್ಟ್ ಕ್ಲಾಸ್, ಬಿಸಿನೆಸ್ ಕ್ಲಾಸ್ ಕೂಡ ಇವೆ. ಬಿಸಿನೆಸ್ ಕ್ಲಾಸ್ ಇದರ ಮೂರು ಪಟ್ಟಿಗೂ ಜಾಸ್ತಿ. ನನ್ನ ಪ್ರಕಾರ ಸೆಕೆಂಡ್ ಕ್ಲಾಸ್ ಧಾರಾಳ ಸಾಕು. ವಯಸ್ಸಾದ ಅಮ್ಮನೂ ಕಾಲು ಚಾಚಿ ಆರಾಮಾಗಿ ಕೂತರು. ಮಕ್ಕಳಿದ್ದರೆ, 6 ವರ್ಷದಿಂದ 14 ತುಂಬುವವರೆಗೆ ಅರ್ಧ ದರ.

ಸೀಟು ಆರಿಸುವಾಗ ಒಂದು ವಿಷಯ. ಸೆಕೆಂಡ್ ಕ್ಲಾಸ್‌ನಲ್ಲಿ ಒಂದು ಕಡೆ ಎ, ಬಿ, ಸಿ. ಇನ್ನೊಂದು ಕಡೆ ಡಿ, ಎಫ್. ಇ ಅನ್ನುವ ಸೀಟೇ ಇಲ್ಲ. ಎ ಮತ್ತು ಎಫ್ ಕಿಟಕಿ ಪಕ್ಕ.

ಬೀಜಿಂಗ್ ತಲುಪಿದ ಮರುದಿನವೇ ಅಪ್ಪನ ಟಿಕೆಟ್‌ಗೆ ಹೊರಟೆವು. ಇಲ್ಲಿ ಇನ್ನೊಂದು ಎಚ್ಚರಿಕೆ. ಬೀಜಿಂಗ್‌ನಲ್ಲಿ ದೊಡ್ಡ ರೈಲು ನಿಲ್ದಾಣಗಳು ಹಲವು. ಬೀಜಿಂಗ್, ಬೀಜಿಂಗ್ ದಕ್ಷಿಣ, ಬೀಜಿಂಗ್ ಪಶ್ಚಿಮ, ಫೆಂಗ್‌ತಾಯ್, ಚಾವೊಯಾಂಗ್ ಹೀಗೆ. ಶಾಂಘೈನ ವೇಗದ ಗಾಡಿಗಳು ಹೊರಡುವುದು ಬೀಜಿಂಗ್ ದಕ್ಷಿಣ ನಿಲ್ದಾಣದಿಂದ. ಮೆಟ್ರೊ 4 ಮತ್ತು 14ನೇ ಲೈನ್‌ಗಳು ಅಲ್ಲಿಗೆ ಹೋಗುತ್ತವೆ. ಟ್ಯಾಕ್ಸಿಯವರಿಗೆ ಬರೀ "ಬೀಜಿಂಗ್ ಸ್ಟೇಷನ್" ಅಂದರೆ ಬೇರೆ ಕಡೆ ಇಳಿಸುತ್ತಾರೆ. ನಿಲ್ದಾಣದ ಹೆಸರನ್ನು ಚೀನೀ ಲಿಪಿಯಲ್ಲಿ ಫೋನ್‌ನಲ್ಲಿ ಇಟ್ಟುಕೊಳ್ಳಿ.

ಕೌಂಟರ್‌ನಲ್ಲಿ ಸಾಲು ಇತ್ತು, ಆದರೆ ಬೇಗ ಸರಿಯುತ್ತಿತ್ತು. ಒಂದು ಚೀಟಿಯಲ್ಲಿ ಗಾಡಿ ಸಂಖ್ಯೆ, ತಾರೀಕು, ಕ್ಲಾಸ್, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಚೀನೀ ಲಿಪಿಯಲ್ಲಿ ಬರೆದುಕೊಂಡಿದ್ದೆ. ಹೋಟೆಲ್‌ನ ಹುಡುಗಿ ಬರೆದುಕೊಟ್ಟಿದ್ದಳು. ಈ ಚೀಟಿ ಇದ್ದರೆ ಮಾತಿನ ಅಗತ್ಯವೇ ಇಲ್ಲ. ಕೌಂಟರ್‌ನಲ್ಲಿದ್ದ ಹೆಂಗಸು ಅಪ್ಪನ ಪಾಸ್‌ಪೋರ್ಟ್ ತಿರುಗಿಸಿ ತಿರುಗಿಸಿ ನೋಡಿದರು. ಸರ್‌ನೇಮ್ ಜಾಗ ಖಾಲಿ ಇರುವುದನ್ನು ಬೆರಳಿಟ್ಟು ತೋರಿಸಿದರು. ನಾನು ಅನುವಾದದ ಆ್ಯಪ್‌ನಲ್ಲಿ "ಇವರಿಗೆ ಇಷ್ಟೇ ಹೆಸರು, ಇದು ಸರಿಯಾಗಿದೆ" ಅಂತ ತೋರಿಸಿದೆ. ಅವರು ತಲೆಯಾಡಿಸಿ, ಪಕ್ಕದವರನ್ನು ಕೇಳಿ, ಟೈಪ್ ಮಾಡಿದರು. ಪರದೆಯಲ್ಲಿ ಅಪ್ಪನ ಪೂರ್ತಿ ಹೆಸರು ಒಂದೇ ಸಲ, ಸರಿಯಾಗಿ ಬಂತು. ಅದನ್ನು ನೋಡಿ ಎದೆ ಹಗುರಾಯಿತು. ದುಡ್ಡು ಅಲಿಪೇಯಿಂದ ಕಟ್ಟಿದೆ. ಬೋಗಿ, ಸೀಟು ಸಂಖ್ಯೆ ಇರುವ ಒಂದು ಚೀಟಿ ಮುದ್ರಿಸಿ ಕೊಟ್ಟರು. ಅದು ಟಿಕೆಟ್ ಅಲ್ಲ, ಮಾಹಿತಿಗೆ ಮಾತ್ರ. ಆದರೆ ಫೋನ್ ನೋಡಲು ಬಾರದ ಹಿರಿಯರಿಗೆ ಅದು ಕೈಯಲ್ಲಿದ್ದರೆ ದೊಡ್ಡ ಆಸರೆ. ಕೇಳಿ ಪಡೆಯಿರಿ.

ಒಂದೇ ಕೊರತೆ. ಗಾಡಿ ಅದೇ ಸಿಕ್ಕಿತು, ಬೋಗಿ ಬೇರೆ.

ಫೋನ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿನ ವೈಫೈನಲ್ಲಿ ವಾಟ್ಸಾಪ್, ಗೂಗಲ್ ತೆರೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್ ಇದ್ದರೆ ತೆರೆಯುತ್ತವೆ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಂಡಿರಿ, ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಪ್ರಯಾಣದ ದಿನ ಗಾಡಿ ಹೊರಡುವ ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿದ್ದೆವು. ಸ್ಥಳೀಯರು ಇಷ್ಟು ಬೇಗ ಬರುವುದಿಲ್ಲ. ಆದರೆ ಪಾಸ್‌ಪೋರ್ಟ್‌ನವರಿಗೆ, ಅದರಲ್ಲೂ ಮಂಡಿ ನೋವಿರುವ ಅಮ್ಮನಂಥವರಿಗೆ, ಇಷ್ಟು ಸಮಯ ಬೇಕು. ಮೊದಲು ಗುರುತು ಪರಿಶೀಲನೆ. ಚೀನಾದವರು ತಮ್ಮ ಗುರುತಿನ ಕಾರ್ಡ್ ಯಂತ್ರಕ್ಕೆ ತೋರಿಸಿ ಸರಸರನೆ ಒಳಗೆ ಹೋಗುತ್ತಾರೆ. ನಾವು ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಸಾಲಿಗೆ ಹೋಗಬೇಕು. ಆಮೇಲೆ ಬ್ಯಾಗ್‌ಗಳಿಗೆ ಎಕ್ಸ್‌ರೇ, ಮೈಗೆ ತಪಾಸಣೆ. ಮೆಟ್ರೊ ಹತ್ತುವಾಗಲೂ ಒಂದು ಎಕ್ಸ್‌ರೇ ಆಗಿರುತ್ತದೆ, ಇದು ಬೇರೆ.

ಇಲ್ಲಿ ನಮ್ಮ ಡಿಯೋಡರೆಂಟ್ ಹೋಯಿತು. ರೈಲಿನಲ್ಲಿ ಸ್ಪ್ರೇ ಕ್ಯಾನ್ 120 ಎಂಎಲ್ ದಾಟುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಡಿಯೋಡರೆಂಟ್ ಹೆಚ್ಚಿನವು 150 ಎಂಎಲ್. ವಿಮಾನದಲ್ಲಿ ಚೆಕ್‌ಇನ್ ಬ್ಯಾಗ್‌ನಲ್ಲಿ ಬಂದ ವಸ್ತು ರೈಲಿನಲ್ಲಿ ಬರುವುದಿಲ್ಲ ಅಂತ ಯಾರಿಗೆ ಹೊಳೆಯುತ್ತದೆ? ಹಣ್ಣು ಕತ್ತರಿಸುವ ಚಾಕು, ಕತ್ತರಿ ಇಟ್ಟುಕೊಳ್ಳುವ ಅಭ್ಯಾಸ ಇರುವವರೂ ನೋಡಿಕೊಳ್ಳಿ. ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿಯನ್ನು ಮುಚ್ಚಳ ತೆಗೆಸಿ ಮೂಸಿ ನೋಡಿ ವಾಪಸ್ ಕೊಟ್ಟರು. ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ. ಸಾಮಾನಿಗೆ ಒಬ್ಬರಿಗೆ 20 ಕೆಜಿ ಮಿತಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿಸಿದರೆ 130 ಸೆಂಟಿಮೀಟರ್ ಒಳಗಿರಬೇಕು ಅನ್ನುವ ನಿಯಮವೂ ಇದೆ. ನಮ್ಮ ಪೆಟ್ಟಿಗೆಗಳನ್ನು ಯಾರೂ ಅಳೆಯಲಿಲ್ಲ. ಆದರೂ ದೊಡ್ಡ ಸೂಟ್‌ಕೇಸ್ ಬೇಡ. ಅದನ್ನು ಎತ್ತಿ ಮೇಲಿಡುವುದು ನಮ್ಮದೇ ಕೆಲಸ, ಕೂಲಿಯವರು ಎಲ್ಲೂ ಕಾಣಲಿಲ್ಲ.

ಕಾಯುವ ಹಾಲ್ ವಿಮಾನ ನಿಲ್ದಾಣದಷ್ಟು ದೊಡ್ಡದು. ಪ್ಲಾಟ್‌ಫಾರ್ಮ್ ಕೆಳಗಿದೆ. ನಮ್ಮಲ್ಲಿಯಂತೆ ಮೊದಲೇ ಪ್ಲಾಟ್‌ಫಾರ್ಮ್‌ಗೆ ಹೋಗಿ ನಿಲ್ಲಲು ಬಿಡುವುದಿಲ್ಲ. ಗಾಡಿ ಹೊರಡುವ ಕಾಲು ಗಂಟೆ, ಇಪ್ಪತ್ತು ನಿಮಿಷ ಮೊದಲು ಗೇಟ್ ತೆರೆಯುತ್ತಾರೆ. ಹೊರಡುವ ಕೆಲವು ನಿಮಿಷ ಮೊದಲೇ ಮುಚ್ಚುತ್ತಾರೆ. ಮುಚ್ಚಿದರೆ ಮುಗಿಯಿತು, ಗಾಡಿ ಕಣ್ಣೆದುರು ನಿಂತಿದ್ದರೂ ಬಿಡುವುದಿಲ್ಲ. ಗೇಟ್ ಸಂಖ್ಯೆಯ ಮುಂದೆ ಎ ಅಥವಾ ಬಿ ಅಂತ ಇರುತ್ತದೆ. ಒಂದೇ ಪ್ಲಾಟ್‌ಫಾರ್ಮ್‌ಗೆ ಎರಡು ತುದಿಯ ಗೇಟ್‌ಗಳು ಅವು. ಯಾವ ಬೋಗಿಗೆ ಯಾವ ಗೇಟ್ ಅಂತ ನೋಡಿ ನಿಂತರೆ ಕೆಳಗೆ ನಡೆಯುವುದು ತಪ್ಪುತ್ತದೆ.

ಆ ಕಾಯುವಿಕೆಯಲ್ಲಿ ಅಪ್ಪನನ್ನು ನೋಡಬೇಕಿತ್ತು. ಕೂತಲ್ಲಿ ಕೂರಲಿಲ್ಲ. ಬೋರ್ಡ್ ನೋಡಿ ಬರುವುದು, ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಟಿತು ಅಂತ ಗಡಿಯಾರ ನೋಡುವುದು. "ಸೆಕೆಂಡಿಗೆ ಸರಿಯಾಗಿ ಬಿಡ್ತಾ ಇದಾರೆ" ಅಂತ ಪ್ರತಿ ಸಲವೂ ಬಂದು ಹೇಳಿದರು.

ಗೇಟ್ ತೆರೆಯಿತು. ಪಾಸ್‌ಪೋರ್ಟ್‌ನವರು ತುದಿಯಲ್ಲಿರುವ, ಸಿಬ್ಬಂದಿ ನಿಂತ ದಾರಿಗೆ ಹೋಗಬೇಕು. ವಯಸ್ಸಾದವರು, ಮಕ್ಕಳೊಂದಿಗೆ ಬಂದವರು ಅದೇ ದಾರಿಯಲ್ಲಿ ಬರುತ್ತಾರೆ. ನನ್ನದು ಆಯಿತು, ಅಮ್ಮನದು ಆಯಿತು. ಅಪ್ಪನ ಪಾಸ್‌ಪೋರ್ಟ್ ಯಂತ್ರದ ಮೇಲೆ ಇಟ್ಟಾಗ ನನ್ನ ಕೈ ತಣ್ಣಗಾಗಿತ್ತು. ಒಂದು ಕ್ಷಣ, ಅಷ್ಟೇ. ಹೋಗಿ ಅಂತ ಕೈ ತೋರಿಸಿದರು.

ಪ್ಲಾಟ್‌ಫಾರ್ಮ್‌ನ ನೆಲದ ಮೇಲೆ ಬೇರೆ ಬೇರೆ ಬಣ್ಣದಲ್ಲಿ ಬೋಗಿ ಸಂಖ್ಯೆ ಬರೆದಿರುತ್ತಾರೆ. ಗಾಡಿಯ ಉದ್ದಕ್ಕೆ ತಕ್ಕಂತೆ ಬಣ್ಣ. ನಿಮ್ಮ ಗಾಡಿಗೆ ಯಾವ ಬಣ್ಣ ಅಂತ ಗೇಟ್ ಹತ್ತಿರದ ಬೋರ್ಡ್‌ನಲ್ಲಿ ಇರುತ್ತದೆ. ಕೆಲವು ಗಾಡಿಗಳು ಎಂಟೆಂಟು ಬೋಗಿಯ ಎರಡು ಗಾಡಿ ಜೋಡಿಸಿದವು. ಅವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ಹೋಗಲು ಆಗುವುದಿಲ್ಲ. ನಮ್ಮಂತೆ ಬೇರೆ ಬೋಗಿ ಸಿಕ್ಕವರು ಇದನ್ನು ಮೊದಲೇ ನೋಡಿಕೊಳ್ಳಿ. ನಮ್ಮದು ಹಾಗೆ ಜೋಡಿಸಿದ್ದಲ್ಲ, ಒಂದೇ ಉದ್ದನೆಯ ಫುಶಿಂಗ್ (ಚೀನಾದ ವೇಗದ ರೈಲಿನ ಒಂದು ಮಾದರಿ) ಗಾಡಿ, ಒಳಗೇ ನಡೆದು ಬರಬಹುದಿತ್ತು.

ಮೊದಲು ಅಪ್ಪನನ್ನು ಅವರ ಬೋಗಿಯಲ್ಲಿ ಕೂರಿಸಿದೆ. ಗಾಡಿ ಹೊರಟ ಮೇಲೆ ನಮ್ಮ ಪಕ್ಕದ ಕಿಟಕಿ ಸೀಟಿನಲ್ಲಿದ್ದ ಹುಡುಗನಿಗೆ ಫೋನ್‌ನಲ್ಲಿ ಬರೆದು ತೋರಿಸಿದೆ. ನಮ್ಮ ತಂದೆ ರೈಲ್ವೆಯಲ್ಲಿದ್ದವರು, ಬೇರೆ ಬೋಗಿಯಲ್ಲಿ ಒಬ್ಬರೇ ಕೂತಿದ್ದಾರೆ, ಸೀಟು ಬದಲಿಸಿಕೊಳ್ಳಬಹುದಾ ಅಂತ. ಅವನು ಓದಿ, ಪೂರ್ತಿ ಮುಗಿಸುವ ಮೊದಲೇ ಎದ್ದು ಬ್ಯಾಗ್ ತೆಗೆದುಕೊಂಡ. ಅವನು ಬದಲಿಗೆ ಪಡೆದ ಅಪ್ಪನ ಸೀಟು ಕಿಟಕಿ ಪಕ್ಕದ್ದೂ ಅಲ್ಲ. ಆ ಹುಡುಗನ ಒಳ್ಳೆಯತನ ನಮ್ಮ ಪ್ರವಾಸವನ್ನೇ ಬದಲಿಸಿತು.

ಬೋಗಿಯ ಬಾಗಿಲ ಮೇಲೆ ವೇಗ ತೋರಿಸುವ ಫಲಕ ಇದೆ. 200, 280, 320. ಆಮೇಲೆ 350ರ ಹತ್ತಿರ ಹೋಗಿ ಅಲ್ಲೇ ನಿಂತಿತು. ಈ ಮಾರ್ಗದಲ್ಲಿ 2017ರ ಸೆಪ್ಟೆಂಬರ್‌ನಿಂದ ಗಾಡಿಗಳು ಈ ವೇಗದಲ್ಲಿ ಓಡುತ್ತಿವೆ. ಅಪ್ಪ ಫಲಕ ನೋಡಿದ್ದು ಕಡಿಮೆ. ಅವರು ಕಿವಿಗೊಟ್ಟು ಕೂತಿದ್ದರು. ಹಳಿಯ ಜೋಡಣೆಯ ಟಕ್ ಟಕ್ ಸದ್ದೇ ಇಲ್ಲ. ಪಕ್ಕದ ಹಳಿ ತೋರಿಸಿ ಹೇಳಿದರು: ಜಲ್ಲಿ ಇಲ್ಲ, ಕಾಂಕ್ರೀಟ್ ಹಾಸಿನ ಮೇಲೆ ಕೂರಿಸಿದ್ದಾರೆ. ಮೇಲಿನ ತಂತಿಯಲ್ಲಿ ನಮ್ಮಲ್ಲಿಯಂತೆಯೇ 25 ಕಿಲೋವೋಲ್ಟ್. ಹಳಿಯ ಅಗಲ ಮಾತ್ರ 1,435 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್‌ನ 1,676ಕ್ಕಿಂತ ಕಡಿಮೆ. ಮಾರ್ಗದ ಬಹುಪಾಲು ಸೇತುವೆಯ ಮೇಲೆಯೇ ಇದೆ. ಲೆವೆಲ್ ಕ್ರಾಸಿಂಗ್ ಇಲ್ಲ, ದನ ಅಡ್ಡ ಬರುವುದಿಲ್ಲ, ಗೂಡ್ಸ್ ಗಾಡಿಗೆ ದಾರಿ ಬಿಡಬೇಕಿಲ್ಲ. "ಎಂಜಿನ್ ಒಂದರಿಂದ ಈ ವೇಗ ಬರಲ್ಲ, ಇಡೀ ದಾರಿಯನ್ನೇ ಇದಕ್ಕಾಗಿ ಕಟ್ಟಿದ್ದಾರೆ" ಅಂದರು. ನಾನು ಓದಿದ ಯಾವ ಲೇಖನಕ್ಕಿಂತ ಅವರು ಅರ್ಧ ಗಂಟೆಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು.

ಜಿನಾನ್ ಬರುವ ಮೊದಲು ಹಳದಿ ನದಿ ದಾಟುತ್ತದೆ. ಆಮೇಲೆ ತಾಯ್‌ಶಾನ್ ಬೆಟ್ಟದ ಸೀಮೆ, ಕನ್‌ಫ್ಯೂಷಿಯಸ್ ಹುಟ್ಟಿದ ಚೂಫು ಊರಿನ ನಿಲ್ದಾಣ. ನಾನ್‌ಜಿಂಗ್ ಹತ್ತಿರ ಯಾಂಗ್‌ಟ್ಸಿ ನದಿ. ಅಲ್ಲಿಂದ ಮುಂದೆ ದಾನ್‌ಯಾಂಗ್–ಕುನ್‌ಶಾನ್ ಸೇತುವೆ. ಉದ್ದ ಸುಮಾರು 164 ಕಿಲೋಮೀಟರ್! ಬೆಂಗಳೂರಿನಿಂದ ಮೈಸೂರಿಗೆ ಪೂರ್ತಿ ಸೇತುವೆ ಕಟ್ಟಿದರೂ ಇಷ್ಟು ಉದ್ದ ಆಗುವುದಿಲ್ಲ. ಕೂತವರಿಗೆ ಸೇತುವೆ ಅಂತ ಗೊತ್ತೂ ಆಗುವುದಿಲ್ಲ, ಹೊಲ, ಕೆರೆ, ಊರುಗಳು ಕೆಳಗೆ ಸರಿಯುತ್ತಿರುತ್ತವೆ.

ಊಟ. ಸಸ್ಯಾಹಾರಿಗಳು ದಯವಿಟ್ಟು ಗಾಡಿಯ ಊಟ ನಂಬಿಕೊಂಡು ಹತ್ತಬೇಡಿ. ಗಾಡಿಯಲ್ಲಿ ತರುವ ಊಟದ ಡಬ್ಬಿಗಳಲ್ಲಿ ಹೆಚ್ಚಿನವು ಮಾಂಸದ್ದು. ಆದರೆ ಗಾಡಿಯಲ್ಲಿ ಕುದಿಯುವ ನೀರಿನ ನಲ್ಲಿ ಇರುತ್ತದೆ, ದುಡ್ಡು ಇಲ್ಲ. ಅಲ್ಲಿನವರು ಅದರಲ್ಲಿ ಕಪ್ ನೂಡಲ್ಸ್ ಮಾಡಿಕೊಳ್ಳುತ್ತಾರೆ. ನಾವು ಊರಿಂದ ತಂದಿದ್ದ ಎಂಟಿಆರ್ ಕಪ್ ಉಪ್ಪಿಟ್ಟು, ಅವಲಕ್ಕಿಗೆ ಅದೇ ನೀರು ಹಾಕಿ ಮುಚ್ಚಿಟ್ಟೆವು. ಮೇಲೆ ಚಟ್ನಿಪುಡಿ. ಅಮ್ಮನಿಗೆ ಅಷ್ಟು ದಿನಗಳಲ್ಲಿ ಹೊಟ್ಟೆ ತುಂಬಿದ್ದು ಅವತ್ತೇ. ಕಾಫಿ ಪುಡಿಯ ಸಣ್ಣ ಪೊಟ್ಟಣಗಳನ್ನೂ ಒಯ್ಯಿರಿ. ಟಾಯ್ಲೆಟ್ ಸ್ವಚ್ಛವಾಗಿತ್ತು, ಆದರೆ ಟಿಶ್ಯೂ ಜೊತೆಗಿರಲಿ.

ಹಿರಿಯರು ಜೊತೆಗಿದ್ದರೆ ಇನ್ನೊಂದು ಮಾತು. ಗಾಡಿಯೊಳಗೆ ಕಷ್ಟವೇ ಇಲ್ಲ. ದಣಿವಾಗುವುದು ನಿಲ್ದಾಣಗಳಲ್ಲಿ. ಮೆಟ್ರೊದಿಂದ ಹಾಲ್, ಹಾಲ್‌ನಿಂದ ಗೇಟ್, ಗೇಟ್‌ನಿಂದ ಬೋಗಿ, ಎಲ್ಲಾ ಉದ್ದುದ್ದ. ಲಿಫ್ಟ್, ಎಸ್ಕಲೇಟರ್ ಇವೆ, ಆದರೆ ಅವುಗಳ ತನಕವೂ ನಡೆಯಬೇಕು. ಅಮ್ಮ ಅವತ್ತು ರಾತ್ರಿ ಮಂಡಿಗೆ ಬಿಸಿನೀರು ಇಟ್ಟುಕೊಂಡರು. ಮಂಡಿ ಪಟ್ಟಿ, ಹಗುರ ಚಪ್ಪಲಿ ಇರಲಿ.

ಶಾಂಘೈನಲ್ಲಿ ನಾವು ಇಳಿದದ್ದು ಹೊಂಗ್‌ಚಿಯಾವೊ ನಿಲ್ದಾಣದಲ್ಲಿ. ಹೊರಗೆ ಹೋಗುವಾಗಲೂ ಪಾಸ್‌ಪೋರ್ಟ್ ತೋರಿಸಬೇಕು. ಗಾಡಿ ಹತ್ತಿದ ಕೂಡಲೇ ಅದನ್ನು ಸೂಟ್‌ಕೇಸ್‌ನ ತಳಕ್ಕೆ ಸೇರಿಸುವವರು ಬಹಳ. ನಮ್ಮ ಮುಂದಿದ್ದ ಒಂದು ವಿದೇಶಿ ಕುಟುಂಬ ಗೇಟಿನ ಪಕ್ಕ ಪೆಟ್ಟಿಗೆ ಬಿಚ್ಚಿಕೊಂಡು ಕೂತಿತ್ತು. ಕುತ್ತಿಗೆಗೆ ಹಾಕುವ ಚೀಲದಲ್ಲಿ ಇಟ್ಟುಕೊಳ್ಳಿ. ಹೊಂಗ್‌ಚಿಯಾವೊದಿಂದ ಮೆಟ್ರೊ 2, 10 ಮತ್ತು 17ನೇ ಲೈನ್ ಸಿಗುತ್ತವೆ. ಹೊಂಗ್‌ಚಿಯಾವೊ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಪಕ್ಕದಲ್ಲೇ ಇದೆ. ಆದರೆ ಭಾರತಕ್ಕೆ ವಾಪಸ್ ಬರುವವರಿಗೆ ವಿಮಾನ ಸಾಮಾನ್ಯವಾಗಿ ಪುಡೋಂಗ್‌ನಿಂದ. ಅದು ನಗರದ ಇನ್ನೊಂದು ತುದಿ. ರೈಲು ಇಳಿದು ಅದೇ ದಿನ ವಿಮಾನ ಹಿಡಿಯುವ ಲೆಕ್ಕ ಇದ್ದರೆ ಆ ಹಾದಿಗೇ ಎರಡು ಗಂಟೆ ಬಿಟ್ಟುಕೊಳ್ಳಿ.

ಶಾಂಘೈನಿಂದ ಹಾಂಗ್‌ಝೌಗೆ ಹೋಗಿಬರುವ ಆಸೆ ಅಪ್ಪನಿಗೆ ಹುಟ್ಟಿದ್ದು ಆಮೇಲೆ. ಅದಕ್ಕೆ ಮೂವರ ಟಿಕೆಟ್ಟನ್ನೂ ಕೌಂಟರ್‌ನಲ್ಲೇ ಒಟ್ಟಿಗೆ ತೆಗೆಸಿದೆ. ಅದೇ ಥರದ ಚೀಟಿ, ಅದೇ ಪಾಸ್‌ಪೋರ್ಟ್‌ಗಳು. ಈ ಸಲ ಸೀಟುಗಳೂ ಅಕ್ಕಪಕ್ಕ ಬಂದವು. ಸರ್‌ನೇಮ್ ಖಾಲಿ ಇರುವವರು ಮನೆಯಲ್ಲಿ ಒಬ್ಬರಿದ್ದರೂ ನೀವೂ ಹಾಗೇ ಮಾಡಿ. ಎಲ್ಲರ ಟಿಕೆಟ್ ಒಟ್ಟಿಗೆ, ಒಂದೇ ಕೌಂಟರ್‌ನಲ್ಲಿ, ಪಾಸ್‌ಪೋರ್ಟ್ ಕೊಟ್ಟು. ಕೌಂಟರ್ ಬಿಡುವ ಮೊದಲು ಪರದೆಯ ಮೇಲಿನ ಹೆಸರನ್ನು, ಸಂಖ್ಯೆಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟು ಓದಿ ನೋಡಿ. ಹಾಂಗ್‌ಝೌನಲ್ಲೂ ಒಂದಕ್ಕಿಂತ ಜಾಸ್ತಿ ನಿಲ್ದಾಣಗಳಿವೆ. ಹೆಚ್ಚಿನ ಗಾಡಿಗಳು ನಿಲ್ಲುವುದು ಹಾಂಗ್‌ಝೌ ಪೂರ್ವದಲ್ಲಿ.